ಕಾಡತೂಸಿಗೆ ಕೊಸರು

ಮೊನ್ನೆ ಹುಕ್ಕೇರಿ ಸಂತೆಯಲ್ಲಿ ಒಂದು ಕಿಲೋ ಬದನೆಕಾಯಿ ಕೇಳಿದೆ. ಮಾರುವಾಕೆ ಕಾಯಿಗಳನ್ನು ಕರೆಂಟಿನ ತಕ್ಕಡಿಯ ಮೇಲೆ ಇಟ್ಟಳು. ಸಾವಿರದ ಇಪ್ಪತ್ತು ಅಂತ ಕೆಂಪು ಅಂಕಿ ಮೂಡಿತು. ಆಕೆ ಒಂದು ಕಾಯಿ ತೆಗೆದು, ಅದಕ್ಕಿಂತ ಸಣ್ಣದನ್ನು ಬುಟ್ಟಿಯಲ್ಲಿ ಹುಡುಕಿ ಹುಡುಕಿ ಅದರ ಜಾಗಕ್ಕಿಟ್ಟಳು. ಸಾವಿರದ ಎರಡು ಬಂತು. ಆ ಎರಡು ಗ್ರಾಮನ್ನು ಏನು ಮಾಡುವುದೆಂದು ಒಂದು ಗಳಿಗೆ ಯೋಚಿಸಿ, ಒಂದು ಬದನೆಕಾಯಿಯ ತೊಟ್ಟು ಮುರಿದು ತನ್ನ ಕಡೆ ಇಟ್ಟುಕೊಂಡಳು. ಅಂಕಿ ಸರಿಯಾಗಿ ಸಾವಿರಕ್ಕೆ ನಿಂತಿತು.

"ಯವ್ವಾ, ಕೊಸರು?" ಅಂದೆ ನಾನು.

ಕಿವಿಯೋಲೆ ಬಿಚ್ಚಿಕೊಡು ಅಂದವರನ್ನು ನೋಡುವಂತೆ ಆಕೆ ನನ್ನನ್ನು ನೋಡಿದಳು. "ಮಿಷಿನ್ ಬರೋಬ್ಬರಿ ತೋರಸಾಕತ್ತೇತಿ ನೋಡ್ರಿ ಅಕ್ಕೋರ. ಮಿಷಿನ್ ಸುಳ್ಳ ಹೇಳತೈತೇನು?"

ಮಿಷಿನ್ನು ಸುಳ್ಳು ಹೇಳುವುದಿಲ್ಲ, ಒಪ್ಪಿದೆ. ನಾನು ಹುಕ್ಕೇರಿಯ ಸಾಲೆಯಲ್ಲಿ ಏಳನೆಯ ತರಗತಿಗೆ ವಿಜ್ಞಾನ ಕಲಿಸುವವಳು. ಅಳತೆ ಮತ್ತು ತೂಕ ಎಂಬ ಪಾಠವನ್ನು ವರ್ಷಕ್ಕೊಮ್ಮೆ ಗಂಭೀರವಾಗಿ ಮಾಡುತ್ತೇನೆ. ಆದರೂ ಚೀಲದಲ್ಲಿ ಬಿದ್ದ ತೊಟ್ಟಿಲ್ಲದ ಆ ಬದನೆಕಾಯಿ ನೋಡಿ ಮನೆಯವರೆಗೂ ಮುಖ ಊದಿಸಿಕೊಂಡೇ ಬಂದೆ. ಅದನ್ನು ಹೆಚ್ಚುವಾಗ ನೆನಪಾದವನು ಗೋಕಾಕದ ನಮ್ಮ ಈರಪ್ಪ ಕಾಕಾ, ಅವನ ಹಿಂದೆಯೇ ಅವನ ರಿವಾಲ್ವರು.

ಕೊಸರು ಎಂದರೇನೆಂದು ಗೊತ್ತಿಲ್ಲದೆ ಬೆಳೆದ ನತದೃಷ್ಟರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗಾಗಿ ಹೇಳುತ್ತೇನೆ. ತೂಕ ಮುಗಿದು, ತಕ್ಕಡಿ ಇಳಿದ ಮೇಲೆ, ಅಂಗಡಿಯವನು ತನ್ನ ಖುಷಿಯಿಂದ ಒಂದಿಷ್ಟು ಹೆಚ್ಚಿಗೆ ಹಾಕುತ್ತಾನಲ್ಲ, ಅದು ಕೊಸರು. ಅದನ್ನು ತಕ್ಕಡಿಯಲ್ಲಿದ್ದಾಗ ಹಾಕಿದರೆ ಬರೀ ತೂಕವಾಗುತ್ತದೆ. ತೂಕದಿಂದ ಇಳಿದ ಮೇಲೆ ಬೀಳಬೇಕು. ನಮ್ಮ ಕಡೆ ಕೊಸರಿಲ್ಲದ ವ್ಯವಹಾರವೇ ಇರಲಿಲ್ಲ. ಹಾಲಿನವನು ಲೀಟರಿನ ಮೇಲೆ ಒಂದು ಧಾರೆ ಸುರಿಯುತ್ತಿದ್ದ. ಭಾಷಣಕಾರರು ಎರಡೇ ಮಾತು ಹೇಳುತ್ತೇನೆಂದು ಮೈಕು ಹಿಡಿದು, ಆ ಎರಡು ಮಾತು ಮುಗಿಸಿ, ಅರ್ಧ ತಾಸು ಕೊಸರು ಹಾಕುತ್ತಾರೆ. ನಾನು ಕೂಡ ಮೂವತ್ನಾಲ್ಕು ಅಂಕ ತೆಗೆದ ಮಕ್ಕಳಿಗೆ ಒಂದು ಅಂಕ ಕೊಸರು ಹಾಕಿ ಪಾಸು ಮಾಡುತ್ತೇನೆ. ಇದನ್ನು ನಮ್ಮ ಹೆಡ್ ಮಾಸ್ತರರಿಗೆ ಹೇಳಬೇಡಿ, ಅವರು ಎರಡು ಹಾಕುತ್ತಾರೆ.

ಆದರೆ ಕೊಸರು ಹಾಕಲೇಬಾರದ ಒಂದು ವಸ್ತು ಈ ಲೋಕದಲ್ಲಿದೆ. ಅದು ರಿವಾಲ್ವರಿನ ಕಾಡತೂಸು. ಈ ಸಂಗತಿಯನ್ನು ನಮ್ಮ ಮನೆತನದವರೇ ಕಂಡುಹಿಡಿಯಬೇಕಾಗಿ ಬಂತು.

ಈರಪ್ಪ ಕಾಕಾ ನಮ್ಮಪ್ಪನ ತಮ್ಮ. ಗೋಕಾಕದಲ್ಲಿ ಕರದಂಟಿನ ಅಂಗಡಿ. ನನ್ನ ಬಾಲ್ಯದ ವಾಸನೆ ಯಾವುದೆಂದು ಕೇಳಿದರೆ ತುಪ್ಪದಲ್ಲಿ ಅಂಟು ಅರಳುವ ವಾಸನೆ ಅನ್ನುತ್ತೇನೆ. ಕೊಪ್ಪರಿಗೆಯಲ್ಲಿ ಬೆಲ್ಲದ ಪಾಕ ಕುದಿಯುತ್ತಿರುತ್ತಿತ್ತು. ಒಂದು ಕಡೆ ಉತ್ತತ್ತಿ ಸೀಳುವವರು, ಒಂದು ಕಡೆ ಕೊಬ್ಬರಿ ಹೆರೆಯುವವರು. ನಾವು ಮಕ್ಕಳೆಲ್ಲ ಕಾಕಾ ಕೂತು ವ್ಯಾಪಾರ ಮಾಡುವ ಗಲ್ಲೆಯ ಕೆಳಗೆ ಚೀಲದ ಮೇಲೆ ಕೂತು, ಮೇಲಿನಿಂದ ಏನಾದರೂ ಬಿದ್ದೀತೆಂದು ಬಾಯಿ ತೆರೆದುಕೊಂಡಿರುತ್ತಿದ್ದೆವು. ಬೀಳುತ್ತಿತ್ತು ಕೂಡ. ಕಾಕಾನ ಬಲಗಡೆ ಒಂದು ಹಿತ್ತಾಳೆಯ ಪರಾತ, ಅದರ ತುಂಬ ಕರದಂಟಿನ ಮುರಿದ ಚೂರು. ತಕ್ಕಡಿ ಸಮ ನಿಂತ ಕೂಡಲೇ ಕಾಕಾ "ಬರೋಬ್ಬರಿ" ಅನ್ನುತ್ತಿದ್ದ. ಅಂದವನೇ ಹೆಬ್ಬೆರಳು ತೋರುಬೆರಳು ಸೇರಿಸಿ ಪರಾತದಿಂದ ಒಂದು ಚೂರು ಎತ್ತಿ ಪೊಟ್ಟಣದ ಮೇಲೆ ಇಡುತ್ತಿದ್ದ. ಆ ಕೈ ಕಡೆ ಅವನು ನೋಡುತ್ತಲೂ ಇರಲಿಲ್ಲ. ಕಣ್ಣು ಗಿರಾಕಿಯ ಮುಖದ ಮೇಲೆ, ಬಾಯಿ ಗಿರಾಕಿಯ ಮನೆಯ ಸುದ್ದಿಯ ಮೇಲೆ.

ಕೊಸರಿನಲ್ಲೂ ಅವನದೊಂದು ನ್ಯಾಯವಿತ್ತು. ಬೆಳಗಿನ ಬೋಣಿಗೆಯ ಗಿರಾಕಿಗೆ ದೊಡ್ಡ ಚೂರು. ಬಾಣಂತಿಗೆಂದು ಒಯ್ಯುವವರಿಗೆ ಎರಡು ಚೂರು. ಅವನ ಮಗ ಬಸುವನ್ನು ಗಣಿತದಲ್ಲಿ ನಪಾಸು ಮಾಡಿದ ಮಾಸ್ತರರಿಗೆ ಪುಡಿ. ಊರೆಲ್ಲ ಒಂದೇ ಮಾತು: ಈರಪ್ಪ ಸಾವಕಾರರ ಕೈ ಚಲೋ. ಸಂಕೇಶ್ವರದಿಂದ, ಘೋಡಗೇರಿಯಿಂದ ಬಂದವರು ಮೂರು ಅಂಗಡಿ ದಾಟಿ ನಮ್ಮ ಅಂಗಡಿಗೆ ಬರುತ್ತಿದ್ದರು.

ಮಧ್ಯಾಹ್ನ ಕಾಕಾ ಊಟಕ್ಕೆ ಎದ್ದಾಗ ಗಲ್ಲೆಯ ಮೇಲೆ ಶಾಂತವ್ವ ಕಾಕಿ ಕೂಡುತ್ತಿದ್ದಳು. ಕಾಕಿಯ ಕೈ ಪರಾತದ ಕಡೆ ಸರಿದದ್ದನ್ನು ಯಾರೂ ಕಂಡಿಲ್ಲ. ತುಂಡು ಹೆಚ್ಚಾಗಿದ್ದರೆ ಚಾಕುವಿನಿಂದ ಒಂದು ಎಳೆ ಹೆರೆದು ತೆಗೆಯುತ್ತಿದ್ದಳು. ಮನೆಯಲ್ಲಿ ಚಹದ ಪುಡಿಯನ್ನೂ ಚಮಚದ ಮೇಲೆ ಬೆರಳು ಸವರಿ ಮಟ್ಟ ಮಾಡಿ ಹಾಕುವ ಜಾತಿ ಅವಳದು. ಗಿರಾಕಿಗಳು ಅಂಗಡಿಯೊಳಗೆ ಇಣುಕಿ, ಕಾಕಿ ಕಂಡರೆ, ಬಸ್ ಸ್ಟ್ಯಾಂಡಿನವರೆಗೆ ಸುಮ್ಮನೆ ಹೋಗಿ ತಿರುಗಾಡಿಕೊಂಡು ಕಾಕಾನ ಊಟ ಮುಗಿಯುವ ಹೊತ್ತಿಗೆ ಬರುತ್ತಿದ್ದರು. ನಾವು ಮಕ್ಕಳು ಅವಳಿಗೆ ಚಿವುಟಿ ಕಾಕಿ ಎಂದು ಹೆಸರಿಟ್ಟಿದ್ದೆವು. ಹೆಸರಿಟ್ಟವಳು ನಾನೇ. ಆಗ ಅದು ನನಗೆ ದೊಡ್ಡ ಸಾಧನೆಯಾಗಿ ಕಂಡಿತ್ತು.

ಕಾಲ ಬದಲಾಯಿತು. ಬಸು ದೊಡ್ಡವನಾಗಿ ಅಂಗಡಿ ಹಿಡಿದ. ಕರೆಂಟಿನ ತಕ್ಕಡಿ ಬಂತು, ಬಣ್ಣದ ಡಬ್ಬಿ ಬಂತು, ಡಬ್ಬಿಯ ಬಾಯಿಗೆ ಬಿಸಿ ಮಾಡಿ ಪ್ಲಾಸ್ಟಿಕ್ ಅಂಟಿಸುವ ಯಂತ್ರ ಬಂತು. ಬಾಯಿ ಮುಚ್ಚಿದ ಡಬ್ಬಿಗೆ ಕೊಸರು ಹಾಕುವುದು ಎಲ್ಲಿಂದ? ಕಾಕಾ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಗಲ್ಲೆಯಿಂದ ಎದ್ದವನು ಮತ್ತೆ ಕೂಡಲಿಲ್ಲ. ಮನೆಯ ಕಟ್ಟೆಯ ಮೇಲೆ ಕೂತು ಹೋಗಿಬರುವವರನ್ನು ಮಾತನಾಡಿಸುವುದೇ ಉದ್ಯೋಗವಾಯಿತು. ಅವನ ಬಲಗೈ ಮಾತ್ರ ಆಗಾಗ ಬಾಜೂಕ್ಕೆ ಸರಿದು ಏನನ್ನೋ ಹುಡುಕುತ್ತಿತ್ತು. ಅದನ್ನು ನೋಡಿದಾಗಲೆಲ್ಲ ನನಗೆ ಕೆಟ್ಟೆನಿಸುತ್ತಿತ್ತು.

ಹೀಗಿರುವಾಗ ಅವನ ಹಳೆಯ ಗಿರಾಕಿ, ಸಂಕೇಶ್ವರದ ಒಬ್ಬ ನಿವೃತ್ತ ಸುಬೇದಾರರು, ಕಾಕಾನನ್ನು ಬೆಳಗಾವಿಗೆ ಕರೆದುಕೊಂಡು ಹೋಗಿ ಗುರಿ ಹೊಡೆಯುವ ಅಂಗಳ ತೋರಿಸಿದರು. ಅವರು ಅಲ್ಲಿ ಕಲಿಸುವವರು. ಕಾಕಾನ ಕೈಗೊಂದು ಪಿಸ್ತೂಲು ಕೊಟ್ಟು ಹಾಳೆಯ ಮೇಲಿನ ಕಪ್ಪು ವರ್ತುಲಕ್ಕೆ ಹೊಡೆಯಿರಿ ಅಂದರು. ಹೊಡೆದ. ಗುಂಡು ವರ್ತುಲದ ಅಂಚಿಗೆ ತಾಗಿತು. ಅವತ್ತಿನಿಂದ ಕಾಕಾ ನಮ್ಮ ಕೈಗೆ ಸಿಗಲಿಲ್ಲ.

ಲಿಂಗಪೂಜೆಯಾಗದೆ ನೀರು ಮುಟ್ಟದ ಮನೆ ಅದು. ತತ್ತಿಯ ಹೆಸರನ್ನೂ ಒಳಗೆ ಬಿಡದ ಹೊಸ್ತಿಲನ್ನು ಕಾಕಾನ ಲೈಸೆನ್ಸಿನ ರಿವಾಲ್ವರು ದಾಟಿತು. ಕಾಕಿ ಬಾಗಿಲಲ್ಲಿ ನಿಂತು, "ಈಡ ಹೊಡ್ಯೂ ಮನಿತನ ಏನ್ರಿ ನಮ್ಮದು?" ಅಂದಳಂತೆ.

"ನಾ ಹಾಳಿಗೆ ಹೊಡಿತೇನಿ. ಹಾಳಿಗೆ ಜೀವ ಇರೂದಿಲ್ಲ," ಅಂದನಂತೆ ಕಾಕಾ. ಆ ಮಾತು ಗಟ್ಟಿಯಾಗಲೆಂದು ಆಯುಧಪೂಜೆಯ ಖಂಡೇನವಮಿಯ ದಿನ ರಿವಾಲ್ವರಿನ ಪೆಟ್ಟಿಗೆಗೆ ವಿಭೂತಿ ಹಚ್ಚಿ, ಹೂವೇರಿಸಿ, ನೈವೇದ್ಯಕ್ಕೆ ಕರದಂಟನ್ನೂ ಇಟ್ಟ.

ಊರವರಿಗೆ ಇದು ಅರ್ಥವಾಗಲಿಲ್ಲ. ಈರಪ್ಪ ಸಾವಕಾರರಿಗೆ ವೈರಿಗಳು ಹುಟ್ಟಿದ್ದಾರೆಂದು ಕೆಲವರು, ಸಾವಕಾರರೇ ಯಾರಿಗೋ ವೈರಿಯಾಗಿದ್ದಾರೆಂದು ಕೆಲವರು. ಘೋಡಗೇರಿಯ ಬೀಗರೊಬ್ಬರು ಗೋವಿನಜೋಳಕ್ಕೆ ಬೀಳುವ ಹಂದಿ ಹೊಡೆಯಿರೆಂದು ಕರೆಯಲು ಬಂದರು. ಕಾಕಾ ತಾನು ಹಾಳೆಗೆ ಮಾತ್ರ ಹೊಡೆಯುವವನೆಂದು ತಿಳಿಸಿ ಹೇಳಿದ. ಬೀಗರು ಚಹ ಕುಡಿದು, ಬಾಯಿ ಒರೆಸಿಕೊಂಡು, "ಹಾಳಿಗೆ ತೂತ ಮಾಡಾಕ ಇಷ್ಟೆಲ್ಲಾ ಯಾಕ್ರಿ ಸಾವಕಾರ್ರ? ದಬ್ಬಣ ಸಾಕಾಗ್ತಿತ್ತಲ್ಲ," ಎಂದು ಹೇಳಿ ಎದ್ದು ಹೋದರು. ನನ್ನ ಗಂಡನ ಮನೆ ಮೂಡಲಗಿ. ಅಲ್ಲಿ ಮಾತ್ರ ಈ ಸುದ್ದಿಗೆ ಒಳ್ಳೆಯ ಪರಿಣಾಮವಾಯಿತು. ಅಲ್ಲಿಯವರೆಗೆ ನನ್ನನ್ನು "ಏ ಹುಡುಗಿ" ಅನ್ನುತ್ತಿದ್ದ ಮಾವನವರು ಲೈಸೆನ್ಸ್ ಬಂದ ವಾರದಲ್ಲೇ "ಸುಮಾ, ಊಟ ಆತೇನವಾ?" ಎಂದು ಕೇಳತೊಡಗಿದರು. ಆ ರಿವಾಲ್ವರು ಯಾರನ್ನೂ ಹೆದರಿಸಲಿಲ್ಲವೆಂದು ನಾನು ಪ್ರಮಾಣ ಮಾಡಿ ಹೇಳಲಾರೆ.

ಇನ್ನು ಸರಕಾರದ ಮಾತು. ಚುನಾವಣೆ ಬಂತೆಂದರೆ ಲೈಸೆನ್ಸಿನ ಬಂದೂಕು, ರಿವಾಲ್ವರುಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು. ಗ್ರಾಮ ಪಂಚಾಯಿತಿ, ತಾಲೂಕು ಪಂಚಾಯಿತಿ, ನಗರಸಭೆ, ವಿಧಾನಸಭೆ, ಲೋಕಸಭೆ, ನಡುವೆ ಎಲ್ಲಾದರೂ ಒಂದು ಉಪಚುನಾವಣೆ. ಕ್ರೀಡಾಪಟುಗಳಿಗೆ ವಿನಾಯಿತಿ ಇದೆಯೆಂದು ಕಾಕಾ ಅರ್ಜಿ ಹಾಕುತ್ತಿದ್ದ. ಅರ್ಜಿ ಮೇಲಿನವರೆಗೆ ಹೋಗಿ ಕೆಳಗೆ ಬರುವಷ್ಟರಲ್ಲಿ ಮತ ಎಣಿಕೆ ಮುಗಿದು ಗುಲಾಲು ಹಾರುತ್ತಿತ್ತು. ಪ್ರಜಾಪ್ರಭುತ್ವ ಬಲವಾದಷ್ಟೂ ಕಾಕಾನ ಅಭ್ಯಾಸ ಸೊರಗಿತು. ಕಳ್ಳಕಾಕರು ಮಾತ್ರ ತಮ್ಮ ಸಾಮಾನನ್ನು ಎಲ್ಲಿಯೂ ಒಪ್ಪಿಸದೆ ನೆಮ್ಮದಿಯಿಂದ ಮತ ಹಾಕುತ್ತಿದ್ದರು.

ಅಂಗಡಿಯ ಕಾಡತೂಸು ಸಿಗುವುದು ಲೆಕ್ಕದಷ್ಟೇ, ಅದೂ ತಡವಾಗಿ. ಹಟಕ್ಕೆ ಬಿದ್ದು ಹೊಡೆಯುವವರು ಖಾಲಿ ಕಾಡತೂಸನ್ನು ಎತ್ತಿಟ್ಟುಕೊಂಡು, ಪರವಾನಗಿ ಪಡೆದು, ಕೈಯಿಂದ ಮತ್ತೆ ತುಂಬಿಕೊಳ್ಳುತ್ತಾರೆ. ಹಾಗೆ ತುಂಬಿದರೆ ಒಂದೊಂದೂ ಒಂದೇ ಸಮ ಇರುತ್ತದೆ, ಗುಂಡು ಹೋದಲ್ಲೇ ಹೋಗುತ್ತದೆ ಎಂದು ಅವರ ನಂಬಿಕೆ. ಕಾಕಾ ಎರಡು ವರ್ಷ ಕಚೇರಿ ಕಚೇರಿ ತಿರುಗಿ ಆ ಪರವಾನಗಿಯನ್ನೂ ತಂದ. ಮಹಡಿಯಲ್ಲಿ ಕೊಬ್ಬರಿ ಚೀಲ ಇಡುತ್ತಿದ್ದ ಕೋಣೆ ಖಾಲಿಯಾಯಿತು. ಅಲ್ಲಿ ಒಂದು ಹಲಗೆಗೆ ಒತ್ತುವ ಯಂತ್ರ ಕೂರಿಸಿದ. ನೋಡಲು ಶಾವಿಗೆ ಮಣೆಯ ತಮ್ಮನ ಹಾಗಿತ್ತು. ಬುಡದಲ್ಲಿ ಕಿಡಿ ಹೊತ್ತಿಸುವ ಕೇಪು ಸುಟ್ಟಿದ್ದನ್ನು ತೆಗೆದು ಹೊಸದನ್ನು ಕೂರಿಸುವುದು, ಮದ್ದಿನ ಪುಡಿಯನ್ನು ತೂಗಿ ಒಳಗೆ ಸುರಿಯುವುದು, ಮೇಲೆ ಸೀಸದ ಗುಂಡನ್ನಿಟ್ಟು ಒತ್ತುವುದು. ಇದಿಷ್ಟೇ ಕೆಲಸ. ಇದರಲ್ಲಿ ಜೀವವಿರುವುದು ತೂಕದಲ್ಲಿ. ಸಾಸಿವೆ ಕಾಳಿನಷ್ಟು ವ್ಯತ್ಯಾಸವೂ ಆಗಬಾರದು. ಅದಕ್ಕಾಗಿ ಕಾಕಾ ಏನು ತಂದ ಗೊತ್ತೇ? ಪತ್ತಾರರ ಅಂಗಡಿಯಲ್ಲಿ ಬಂಗಾರ ತೂಗುತ್ತಾರಲ್ಲ, ಅಂಥ ಕರೆಂಟಿನ ತಕ್ಕಡಿ! ಯಾವುದಕ್ಕೆ ಸಿಟ್ಟಾಗಿ ಗಲ್ಲೆ ಬಿಟ್ಟನೋ ಅದರ ಮುಂದೆಯೇ ಕನ್ನಡಕ ಏರಿಸಿ ಕೂತ. ಬಸು ಇದನ್ನು ನೋಡಿಯೂ ನಗಲಿಲ್ಲ. ಅವನ ಆ ಸಂಯಮಕ್ಕೆ ನಾನು ಇವತ್ತಿಗೂ ಕೈಮುಗಿಯುತ್ತೇನೆ.

ಹೋದ ವರ್ಷ ಬೆಳಗಾವಿಯಲ್ಲಿ ಹಿರಿಯರ ವಿಭಾಗದ ಆಯ್ಕೆ ಪಂದ್ಯವಿತ್ತು. ಅದರಲ್ಲಿ ಗೆದ್ದವರು ರಾಜ್ಯದ ಪಂದ್ಯಕ್ಕೆ ಹೋಗುತ್ತಾರೆ. ಒಮ್ಮೆಯಾದರೂ ಅಲ್ಲಿಗೆ ಹೋಗಬೇಕೆಂದು ಕಾಕಾನಿಗೆ ಹುಚ್ಚು ಆಸೆ. ಕರದಂಟು ಮಾರಿದವನೆಂದಷ್ಟೇ ಅನ್ನಿಸಿಕೊಂಡು ಸಾಯಬಾರದು ಎಂದು ನನ್ನ ಹತ್ತಿರ ಒಂದು ಸಲ ಅಂದಿದ್ದ. ಪಂದ್ಯಕ್ಕೆಂದು ಅರವತ್ತು ಕಾಡತೂಸು ತುಂಬಿಟ್ಟ. ಆದರೆ ಅಭ್ಯಾಸದಲ್ಲಿ ಗುಂಡುಗಳು ಹಾಳೆಯ ಮೇಲೆ ಚೆಲ್ಲಾಡಿ ಬೀಳುತ್ತಿದ್ದವು. ಒಂದು ಮೇಲೆ, ಒಂದು ಕೆಳಗೆ, ಒಂದು ಪಕ್ಕದವರ ಹಾಳೆಯ ಕಡೆ ಮುಖ ಮಾಡಿ. ಕಾಕಾ ಕನ್ನಡಕ ಬದಲಿಸಿದ. ಬಿಪಿ ಗುಳಿಗೆ ಬದಲಿಸಿದ. ಕಾಕಿಯ ಒಗ್ಗರಣೆಯ ಹೊಗೆ ಮಹಡಿಗೆ ಬಂದು ಮದ್ದು ಕೆಡುತ್ತಿದೆಯೆಂದು ಅಡುಗೆಮನೆಯ ಕಿಟಕಿ ಮುಚ್ಚಿಸಿದ. ಕಾಕಿ ಒಗ್ಗರಣೆಯಿಲ್ಲದ ಸಾರು ಮಾಡಿ ಹಾಕಿದಳು, ಎರಡನೆಯ ದಿನವೇ ಕಿಟಕಿ ತೆರೆಯಿತು.

ಸುಬೇದಾರರು ಕಾಕಾ ಹೊಡೆದ ಖಾಲಿ ಕಾಡತೂಸುಗಳನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿ ಒಂದು ದಿನ ಗಂಭೀರವಾಗಿ ಹೇಳಿದರಂತೆ: "ಸಾವಕಾರ್ರ, ಇಲ್ಲಿ ನೋಡ್ರಿ, ಕೇಪು ಚಪ್ಪಟಿ ಆಗ್ಯಾವ. ಒಳಗ ಮದ್ದು ಹೆಚ್ಚಿಗಿ ಬೀಳಾಕತ್ತೈತಿ. ಇದು ಆಟ ಅಲ್ಲ. ಒಂದ ದಿನ ಕೈಯಾಗ ಒಡದ್ರ ಬೆರಳ ಹೋಗ್ತಾವ, ಕಣ್ಣ ಹೋಗ್ತಾವ. ಇದನ್ನ ಸರಿ ಮಾಡಲಾರ್ದ ಬಂದ್ರ ನಿಮ್ಮನ್ನ ಗೆರಿ ಮ್ಯಾಲ ನಿಂದರಸೂದಿಲ್ಲ ನಾ."

ಪಂದ್ಯಕ್ಕೆ ಎಂಟು ದಿನವಿತ್ತು. ಕಾಕಾ ನನಗೆ ಫೋನು ಮಾಡಿದ. "ಸುಮಾ, ನೀ ವಿಜ್ಞಾನದಾಕಿ. ಈ ತಕ್ಕಡಿ ಸುಳ್ಳ ಹೇಳಾಕತ್ತೈತಿ. ಬಂದು ನೋಡವಾ."

ಸಾಲೆಯ ಪ್ರಯೋಗಾಲಯದಿಂದ ತೂಕದ ಸಣ್ಣ ಬಟ್ಟುಗಳನ್ನು ಕೇಳಿ ತೆಗೆದುಕೊಂಡು, ದೊಡ್ಡ ತಜ್ಞಳ ಠೀವಿಯಲ್ಲಿ ಗೋಕಾಕಕ್ಕೆ ಹೋದೆ. ಬಟ್ಟು ಇಟ್ಟು ನೋಡಿದೆ. ತಕ್ಕಡಿ ಕೂದಲಿನಷ್ಟೂ ತಪ್ಪಿರಲಿಲ್ಲ. ನನ್ನ ವಿಜ್ಞಾನ ಅಲ್ಲಿಗೆ ಮುಗಿಯಿತು. "ಒಂದೆರಡು ತುಂಬಿ ತೋರಸ್ರಿ ಕಾಕಾ," ಅಂದೆ, ಬೇರೇನು ಹೇಳಬೇಕೆಂದು ತಿಳಿಯದೆ.

ಕಾಕಾ ಖಾಲಿ ಕಾಡತೂಸನ್ನು ಮುಂದಿಟ್ಟುಕೊಂಡ. ಸಣ್ಣ ಬಟ್ಟಲಿಗೆ ಪುಡಿ ಸುರಿದು ತಕ್ಕಡಿಯ ಮೇಲಿಟ್ಟ. ಉಸಿರು ಹಿಡಿದು ಒಂದೊಂದೇ ಕಣ ಸೇರಿಸಿದ. ಬೇಕಾದ ಅಂಕಿ ಬಂತು. "ಬರೋಬ್ಬರಿ," ಅಂದ. ಬಟ್ಟಲಿನ ಪುಡಿಯನ್ನು ಕಾಡತೂಸಿಗೆ ಸುರಿದ. ನನ್ನ ಮುಖ ನೋಡಿ, "ಮಾವನಾರ ಮೊಣಕಾಲ ಬ್ಯಾನಿ ಹೆಂಗೈತಿ?" ಎಂದು ಕೇಳಿದ. ಕೇಳುತ್ತಿರುವಾಗ ಅವನ ಬಲಗೈ ಬಾಜೂಕ್ಕೆ ಸರಿಯಿತು. ಹೆಬ್ಬೆರಳು ತೋರುಬೆರಳು ಮದ್ದಿನ ಡಬ್ಬಿಗಿಳಿದವು, ಒಂದು ಚಿಟಿಕೆ ಎತ್ತಿ ಕಾಡತೂಸಿನ ಬಾಯಿಗೆ ಹಾಕಿದವು.

ನನಗೆ ಮೊದಲು ನಗು ಬಂತು. ಮರುಗಳಿಗೆ ಸುಬೇದಾರರ ಮಾತು ನೆನಪಾಯಿತು. ಅವನ ಬೆರಳುಗಳನ್ನು ನೋಡಿದೆ. ಚೀಲದ ಮೇಲೆ ಕೂತ ನನ್ನ ಬಾಯಿಗೆ ಎಷ್ಟೋ ಸಲ ಕರದಂಟು ಇಟ್ಟ ಬೆರಳುಗಳು ಅವು. ಅವು ಹೋದರೆ? ಹೇಳಬೇಕು. ಆದರೆ ಏನೆಂದು ಹೇಳುವುದು? ಊರು ನಲವತ್ತು ವರ್ಷ ಹೊಗಳಿದ ಕೈಗೆ, ಅದಕ್ಕೆ ಉಳಿದಿದ್ದ ಒಂದೇ ಒಂದು ಕೆಲಸದಲ್ಲಿ, ತಪ್ಪು ನಿನ್ನದೇ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಮಾವನವರ ಮೊಣಕಾಲಿನ ಬಗ್ಗೆ ಬೇಕಾದ್ದಕ್ಕಿಂತ ಹೆಚ್ಚು ಮಾತನಾಡಿದೆ. ಅಷ್ಟರಲ್ಲಿ ಇನ್ನೊಂದು ತುಂಬಿಯಾಗಿತ್ತು, ಇನ್ನೊಂದು ಚಿಟಿಕೆ ಬಿದ್ದಿತ್ತು.

"ಕಾಕಾ, ಈ ಕಾಡತೂಸನ್ಯಾಗಿನ ಪುಡಿ ತಿರುಗಿ ಬಟ್ಟಲಕ್ಕ ಹಾಕಿ ತೂಗ್ರಿ," ಅಂದೆ ಕಡೆಗೆ.

ತೂಗಿದ. ಅಂಕಿ ಮೇಲೆ ಹೋಗಿತ್ತು. "ನೋಡಿದಿ? ನಾ ಹೇಳಿರಲಿಲ್ಲ? ತಕ್ಕಡಿ ಹುಚ್ಚ ಹಿಡದೈತಿ," ಎಂದು ಗೆದ್ದವನಂತೆ ನಕ್ಕ.

"ಇನ್ನೊಮ್ಮಿ ತುಂಬ್ರಿ."

ತುಂಬಿದ. ಬರೋಬ್ಬರಿ ಅಂದ. ಸುರಿದ. ಕೈ ಸರಿಯಿತು. ಚಿಟಿಕೆ ಎತ್ತಿತು. ಅದು ಕಾಡತೂಸಿಗೆ ಬೀಳುವ ಮೊದಲು ನಾನು ಅವನ ಮಣಿಕಟ್ಟು ಹಿಡಿದೆ. "ಕಾಕಾ, ಇದೇನ್ರಿ?"

ಕಾಕಾ ತನ್ನ ಬೆರಳುಗಳನ್ನು ನೋಡಿದ. ಅವುಗಳ ನಡುವಿನ ಕರಿ ಪುಡಿಯನ್ನು ನೋಡಿದ. ಆಮೇಲೆ ಆ ಚಿಟಿಕೆಯನ್ನು ಡಬ್ಬಿಗೆ ಉದುರಿಸಿ, ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತ. "ಎಷ್ಟ ದಿವಸದಿಂದ ಹಾಕೀನಿ ಏನೋ," ಅಂದ. ಅವನ ದನಿ ಕೇಳಿ ನನಗೆ ಅಳು ಬಂತು.

ಬೋಣಿಗೆಯ ಕಾಡತೂಸಿಗೆ ಎಲ್ಲಕ್ಕಿಂತ ದೊಡ್ಡ ಚಿಟಿಕೆ ಬಿದ್ದಿರುತ್ತದೆಂದು ಹೊಳೆದು ಆ ಮೇಲೆ ಇಬ್ಬರಿಗೂ ಹೆದರಿಕೆಯಾಯಿತು. ಯಾವುದಕ್ಕೆ ಎಷ್ಟು ಕೊಸರು ಬಿದ್ದಿದೆಯೋ ಯಾರಿಗೆ ಗೊತ್ತು? ಅರವತ್ತನ್ನೂ ಬಿಚ್ಚಲೇಬೇಕು. ಅದಕ್ಕೊಂದು ಸುತ್ತಿಗೆಯಂಥ ಸಾಧನವಿದೆ. ಕಾಡತೂಸನ್ನು ಅದರ ಹೊಟ್ಟೆಗೆ ಹಾಕಿ ಕುಟ್ಟಿದರೆ ಗುಂಡು ಸಡಿಲಾಗಿ ಹೊರಬರುತ್ತದೆ. ಎರಡು ದಿನ ಮಹಡಿಯಿಂದ ಟಪ್ ಟಪ್ ಸದ್ದು. ಈ ಸಲ ಕರದಂಟಿಗೆ ಅಕ್ರೋಡು ಹಾಕುತ್ತಾರೇನೋ ಎಂದು ಪಕ್ಕದ ಮನೆಯವರು ಬಸುವನ್ನು ಕೇಳಿದರಂತೆ.

ಮತ್ತೆ ತುಂಬಬೇಕಲ್ಲ? ಕಾಕಾ ಬಲಗೈಯ ಎರಡು ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೂತ. ನಾನು ಕಾವಲಿಗೆ ಕೂತೆ. ಮೊದಲ ಕಾಡತೂಸಿನ ತೂಕ ಸರಿ ಬಂತು. ಪುಡಿ ಸುರಿದ. ಬಲಗೈ ಶಾಂತವಾಗಿ ಮಡಿಲಲ್ಲಿತ್ತು. ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಎಡಗೈ ಎದ್ದು ಬಂದು ಚಿಟಿಕೆ ಹಾಕಿ ಹೋಯಿತು. "ಡಬ್ಬಿ ದೂರ ಇಡೂಣು," ಅಂದ ಕಾಕಾ. ಇಟ್ಟೆ. ಮಾತನಾಡುತ್ತ ಮಾತನಾಡುತ್ತ ಎದ್ದು, ಅಲ್ಲಿಯವರೆಗೆ ನಡೆದು ಹೋಗಿ ತಂದು ಹಾಕಿದ.

ಆಗ ಬಾಗಿಲಲ್ಲಿ ಕಾಕಿ ಕಾಣಿಸಿಕೊಂಡಳು. ಚಹದ ಲೋಟಗಳನ್ನು ಹಲಗೆಯ ಮೇಲಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, "ಸರೀರಿ ಅತ್ತಾಗ," ಅಂದಳು.

"ಇದು ನಿನ್ನ ಕೆಲಸ ಅಲ್ಲ."

"ನಿಮ್ಮದೂ ಅಲ್ಲಂತ ಕಾಣತೈತಲ್ರಿ. ಸರೀರಿ."

ಪರವಾನಗಿಯ ಕಾಗದದಲ್ಲಿ ಕಾಕಾನ ಹೆಸರಿತ್ತು. ತುಂಬುವವರ ಹೆಸರನ್ನು ಅದು ಕೇಳುತ್ತದೆ, ತೂಗುವವರ ಹೆಸರನ್ನು ಕೇಳುವುದಿಲ್ಲ. ಮೂರು ಸಲ ಓದಿ ಖಾತ್ರಿ ಮಾಡಿಕೊಂಡೆ. ಕಾಕಿ ತೂಗಿ ಬಟ್ಟಲನ್ನು ಕೊಡುವುದು, ಕಾಕಾ ಸುರಿದು ಒತ್ತುವುದು, ಡಬ್ಬಿ ಕಾಕಿಯ ಮಡಿಲಲ್ಲಿ ಎಂದು ಠರಾವಾಯಿತು. ಕಾಕಿ ಕನ್ನಡಕ ಹಾಕಿಕೊಂಡು ಪುಡಿಯ ಕಣಗಳನ್ನು ದಬ್ಬಣದ ತುದಿಯಿಂದ ಅತ್ತ ಒಂದು, ಇತ್ತ ಒಂದು ಸರಿಸುತ್ತಿದ್ದಳು. ಒಂದು ಕಣ ಹೆಚ್ಚಾದರೆ ತೆಗೆಯುತ್ತಿದ್ದಳು. ತೆಗೆಯುವುದರಲ್ಲಿ ಅವಳಿಗೆ ನಲವತ್ತು ವರ್ಷದ ಅನುಭವ. ಕಾಕಾನಿಗೆ ತಡೆಯಲಾಗಲಿಲ್ಲ. "ಏ, ಇದೊಂದಕ್ಕರ ಒಂದೀಟ ಹಾಕ. ಬೋಣಿಗಿ ಐತಿ," ಎಂದು ಬೇಡಿಕೊಂಡ.

"ಬೋಣಿಗಿ ಮಾಡಾಕ ಇದೇನ ಗಿರಾಕಿ ಅಲ್ರಿ, ಕೈಯಾಗ ಒಡ್ಯೂ ಸಾಮಾನ," ಅಂದಳು ಕಾಕಿ, ಕಣ್ಣೆತ್ತದೆ.

ಪಂದ್ಯದ ದಿನ ಬೆಳಿಗ್ಗೆ ಹುಕ್ಕೇರಿಗೆ ಬಂದು ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡರು. ಹತ್ತರಗಿಯಲ್ಲಿ ಹೆದ್ದಾರಿ ಹಿಡಿದು ಬೆಳಗಾವಿಗೆ ಹೊರಟೆವು. ಕಾಕಿ ಅದೇ ಮೊದಲ ಸಲ ಜೊತೆಗೆ ಬಂದಿದ್ದಳು, ಮಡಿಲಲ್ಲಿ ರೊಟ್ಟಿ ಬುತ್ತಿಯ ಗಂಟು. ದಾರಿಯುದ್ದಕ್ಕೂ ಒಂದೇ ಪ್ರಶ್ನೆ ಕೇಳಿದಳು: "ಒಡ್ಯೂದಿಲ್ಲಲ್ಲ?" ಕಾಕಾ ಪ್ರತಿಸಲವೂ "ಇಲ್ಲ" ಅಂದ. ಅವನ ಮುಖ ಬಿಳಿಚಿಕೊಂಡಿತ್ತು.

ಗುರಿ ಅಂಗಳದಲ್ಲಿ ಸುಬೇದಾರರು ಕಾಡತೂಸುಗಳನ್ನು ಒಂದೊಂದಾಗಿ ನೋಡಿ, ಮೊದಲು ಐದು ಹೊಡೆಸಿ, ಕೇಪು ಪರೀಕ್ಷಿಸಿ, ತಲೆಯಾಡಿಸಿದರು. ಕಾಕಾ ಗೆರೆಯ ಮೇಲೆ ನಿಂತ. ಕಾಕಿ ಹಿಂದಿನ ಬೆಂಚಿನಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು, ಕಣ್ಣು ಮುಚ್ಚಿ, ಕೊರಳ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು. ಪ್ರತಿ ಸದ್ದಿಗೂ ಅವಳ ಭುಜ ಹಾರುತ್ತಿತ್ತು. ಐದೈದರಂತೆ ಸುತ್ತುಗಳು ಮುಗಿದವು. ಕಾಕಾ ರಿವಾಲ್ವರು ಕೆಳಗಿಟ್ಟು ತನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡ. ಹತ್ತೂ ಬೆರಳಿದ್ದವು. ನಾನು ಕೂಡ ಎಣಿಸಿದೆ.

ಅಂಕ ಸಾಲಲಿಲ್ಲ. ರಾಜ್ಯದ ಪಂದ್ಯಕ್ಕೆ ಬೇರೆ ಯಾರೋ ಹೋದರು. ಸುಬೇದಾರರು ಕಡೆಯ ಸುತ್ತಿನ ಹಾಳೆಯನ್ನು ತಂದು ಬೆಂಚಿನ ಮೇಲೆ ಹಾಸಿದರು. ಐದೂ ತೂತುಗಳು ಒಂದರ ಬಾಯಿಗೆ ಒಂದು ತಾಗಿಕೊಂಡು, ಒಂದು ರೂಪಾಯಿ ನಾಣ್ಯದಿಂದ ಮುಚ್ಚುವಷ್ಟು ಜಾಗದಲ್ಲಿ ಬಿದ್ದಿದ್ದವು. ಆದರೆ ನಡುವಿನಲ್ಲಲ್ಲ. ಎಡಗಡೆ, ಕೆಳಗೆ.

"ಗುಂಡಿಂದು ಎಳ್ಳಷ್ಟೂ ತಪ್ಪಿಲ್ರಿ ಸಾವಕಾರ್ರ," ಅಂದರು ಸುಬೇದಾರರು. "ಗುಂಡ ಹಾರಸೂ ಕುದರಿ ಜಗ್ಗೂ ಮುಂದ ಕೈ ಒಂದೀಟ ಎಡಕ್ಕ ಎಳಿತೀರಿ. ಅಷ್ಟ."

ಅವರು ಅತ್ತ ಹೋದ ಮೇಲೆ ಕಾಕಿ ಕಿವಿಯ ಹತ್ತಿ ತೆಗೆದು, ಹೆದರಿ ಹೆದರಿ ಕೇಳಿದಳು. "ತೂಕದಾಗ ನಂದೇನರ ತಪ್ಪಾತೇನ್ರಿ?"

"ಇಲ್ಲ. ನಿನ್ನ ತೂಕ ಬರೋಬ್ಬರಿ ಐತಿ. ಅದಕ್ಕ ನನ್ನ ತಪ್ಪ ಎಲ್ಲೈತಿ ಅಂತ ಕಾಣಾಕತ್ತೈತಿ." ಕಾಕಾ ಆ ತೂತುಗಳ ಮೇಲೆ ಬೆರಳಾಡಿಸಿದ. ಸೋತವನ ಮುಖ ಅದಾಗಿರಲಿಲ್ಲ, ಗೆದ್ದವನದೂ ಅಲ್ಲ. "ನಲವತ್ತ ವರ್ಷ ಊರ ಮಂದಿ ನನ್ನ ಕೈ ಚಲೋ ಅಂದ್ರ. ಒಬ್ಬರರ ಒಂದ ದಿನ ತೂಗಿ ನೋಡಲಿಲ್ಲ."

"ನಾ ತೂಗೀನಿ," ಅಂದಳು ಕಾಕಿ.

ಕಾಕಾ ತಲೆಯೆತ್ತಿದ.

"ದಿನಾ ತೂಗೀನಿ. ಅಂಗಡಿ ಮುಚ್ಚೂ ಮುಂದ ಪರಾತದಾಗ ಉಳದದ್ದ ತೂಗಿ ನೋಡತಿದ್ದೆ. ನೀವು ಎಷ್ಟ ಕೊಟ್ಟೀರಿ ಗೊತ್ತಾಗ್ತಿತ್ತು. ಮರುದಿನ ನಾ ಕುಂತಾಗ ಅಷ್ಟ ಕೈ ಬಿಗಿ ಹಿಡಿತಿದ್ದೆ. ಇಲ್ಲಂದ್ರ ಅಂಗಡಿ ಹೆಂಗ ನಿಂದರತಿತ್ತು?" ಕಾಕಿ ಬುತ್ತಿಯ ಗಂಟು ಬಿಚ್ಚಿ ರೊಟ್ಟಿ ಎಣಿಸತೊಡಗಿದಳು, ತಲಾ ಎರಡು.

ಚಿವುಟಿ ಕಾಕಿ ಎಂದು ಹೆಸರಿಟ್ಟವಳು ಪಕ್ಕದಲ್ಲೇ ಕೂತಿದ್ದೆ. ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

"ಮತ್ತ ಒಮ್ಮೆರ ಹೇಳಲಿಲ್ಲಲ್ಲ ನೀ?" ಅಂದ ಕಾಕಾ.

"ಹೇಳಿದ್ರ ನೀವು ಕೊಡೂದ ಬಿಡ್ತಿದ್ರಿ," ಅಂದಳು ಕಾಕಿ, ರೊಟ್ಟಿಯನ್ನು ಅವನ ಕೈಗಿಡುತ್ತ. "ಮನ್ಯಾಗ ಒಬ್ಬರ ಕೈಯರ ಚಲೋ ಅನ್ನಿಸಿಕೊಳ್ಳಲಿ ಅಂತ ಸುಮ್ಮನಿದ್ದೆ."